ಶಿರ್ವದ ಮಳೆಗೆ ಒಗ್ಗುವ ಹಸಿರು

ಎರಡು ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ಬಂದ ಮಗಳು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಒಂದು ಕುಂಡವನ್ನು ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳು. ಮಂಚಕಲ್ಲಿನಲ್ಲಿ ಇಳಿದು, ರಿಕ್ಷಾ ಹತ್ತಿ, ನಮ್ಮ ಅಂಗಳಕ್ಕೆ ಬರುವವರೆಗೂ ಅದನ್ನು ಕೆಳಗಿಟ್ಟಿರಲಿಲ್ಲ. ಒಂದೂವರೆ ಅಡಿಯ ಗಿಡ. ಕೆಳಗೆ ಅಗಲ, ಮೇಲೆ ಚೂಪು. ಬಣ್ಣ ಬಾಳೆಯ ಎಳೆ ಸುಳಿಯದ್ದು. "ಮಮ್ಮಿ, ಸ್ವಲ್ಪ ಉಜ್ಜಿ ಮೂಸಿ ನೋಡು" ಎಂದಳು. ಬೆರಳಿಗೆ ನಿಂಬೆಸಿಪ್ಪೆಯ ಪರಿಮಳ ಹತ್ತಿಕೊಂಡಿತು. ಕುಂಡಕ್ಕೆ ಅಂಟಿಸಿದ ಚೀಟಿಯಲ್ಲಿ 'ಲೆಮನ್ ಸೈಪ್ರೆಸ್' ಎಂದಿತ್ತು. ಎಲ್ಲ ಹವೆಗೂ ಆಗುತ್ತದೆ ಎಂದು ನರ್ಸರಿಯವರು ಹೇಳಿದ್ದರಂತೆ.

ಆ ವರ್ಷ ಗೋದಲಿಯ ಪಕ್ಕದ ಜಾಗ ಅದಕ್ಕೇ ಸಿಕ್ಕಿತು. ಮೇ ತಿಂಗಳ ತನಕ ಚೆನ್ನಾಗಿಯೇ ಇತ್ತು. ಜೂನಿನಲ್ಲಿ ಮಳೆ ಹಿಡಿಯಿತು. ಆಟಿ ಬರುವಾಗ ಒಳಗಿನ ಎಲೆಗಳು ಕಂದಾದವು, ಸೋಣದ ಹೊತ್ತಿಗೆ ತುದಿಯೂ ಒಣಗಿತು. ಕಿತ್ತು ನೋಡಿದೆ. ಬೇರು ಕಪ್ಪಾಗಿತ್ತು, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಕೈಗೆ ಬಂತು. ಫೋನಿನಲ್ಲಿ ಹೇಳಿದಾಗ ಮಗಳಿಗೆ ತುಂಬ ಬೇಸರವಾಯಿತು. "ನಾನು ಸರಿಯಾಗಿ ಕೇಳಿಕೊಂಡು ಬರಬೇಕಿತ್ತು" ಎಂದಳು.

ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಗಿಡ ಸತ್ತರೆ ಕಾರಣ ಹುಡುಕದೆ ಕೂರಲು ಆಗುವುದಿಲ್ಲ. ಹುಡುಕುತ್ತ ಹೋದಂತೆ ಆ ಕುಂಡದ ಗಿಡದ ಊರು ಯಾವುದು, ನಮ್ಮ ಊರು ಯಾವುದು, ನಡುವೆ ಎಷ್ಟು ದೂರ ಎಂಬುದು ತಿಳಿಯಿತು. ಪ್ರತಿ ಡಿಸೆಂಬರಿನಲ್ಲೂ ಇಂಥ ಕುಂಡಗಳು ನಮ್ಮ ಕಡೆಗೆ ಬರುತ್ತವೆ. ಆದ್ದರಿಂದ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಎರಡೇ ಕಡೆ ಹುಟ್ಟಿದ ಮರ

ಲೆಮನ್ ಸೈಪ್ರೆಸ್ ಎಂದು ಮಾರುವುದು ಕ್ಯುಪ್ರೆಸಸ್ ಮ್ಯಾಕ್ರೊಕಾರ್ಪ ಎಂಬ ಮರದ ಒಂದು ತಳಿಯನ್ನು. 'ಗೋಲ್ಡ್‌ಕ್ರೆಸ್ಟ್' ಎಂಬುದು ತಳಿಯ ಹೆಸರು. ನಿಂಬೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ನಿಂಬೆ ಹೂ ಬಿಟ್ಟು ಕಾಯಿ ಕಟ್ಟುವ ಗಿಡ. ಸೈಪ್ರೆಸ್ ಹೂವೇ ಇಲ್ಲದ, ಬೀಜವನ್ನು ಮರದಂಥ ಗಟ್ಟಿ ಶಂಕುವಿನ ಸಂದಿಯಲ್ಲಿ ಇಡುವ ಶಂಕುಧಾರಿ.

ಈ ಮರ ತಾನಾಗಿ ಬೆಳೆಯುವುದು ಜಗತ್ತಿನಲ್ಲಿ ಎರಡೇ ಕಡೆ. ಎರಡೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಾಂಟೆರೆ ಎಂಬ ಊರಿನ ಹತ್ತಿರದ ಕಡಲ ಬಂಡೆಗಳ ಮೇಲೆ. ಕಡಲ ಬದಿಯ ಮರವಾದರೆ ಕಾಪುವಿಗೆ ಯಾಕೆ ಒಗ್ಗಬಾರದು ಎಂದು ಕೇಳಬಹುದು. ಆ ಕಡಲು ತಣ್ಣನೆಯದು. ಬೇಸಿಗೆಯಲ್ಲೂ ಅಲ್ಲಿ ಮಂಜು ಕವಿದಿರುತ್ತದೆ, ಮಳೆ ಬೀಳುವುದು ಚಳಿಗಾಲದಲ್ಲಿ. ವರ್ಷವಿಡೀ ಸುರಿದರೂ ಸುಮಾರು 500 ಮಿಲಿಮೀಟರ್. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಲ್ಲಿಯ ಇಡೀ ವರ್ಷದ ಮಳೆಯನ್ನು ಇಲ್ಲಿಯ ಆಷಾಢ ಕೆಲವೇ ದಿನಗಳಲ್ಲಿ ಸುರಿದುಬಿಡಬಲ್ಲದು.

ಎಲೆಯನ್ನೇ ನೋಡಿ. ಸೈಪ್ರೆಸ್ಸಿನ ಎಲೆ ಮೀನಿನ ಹುರುಪೆಯಂತೆ ಸಣ್ಣದು, ಮೇಣ ಸವರಿದಂತಿದ್ದು ಕಡ್ಡಿಗೆ ಅಂಟಿಕೊಂಡಿರುತ್ತದೆ. ಇರುವ ನೀರನ್ನು ಉಳಿಸಿಕೊಳ್ಳಲು ಆದ ಎಲೆ ಅದು. ನಮ್ಮ ಘಟ್ಟದ ಕಾಡಿನ ಎಷ್ಟೋ ಮರಗಳ ಎಲೆ ಅಗಲ, ನುಣುಪು. ತುದಿ ಬಾಲದಂತೆ ಚೂಪಾಗಿ ಇಳಿದಿರುತ್ತದೆ. ಮೇಲೆ ಬಿದ್ದ ನೀರನ್ನು ಬೇಗ ಕೆಳಗೆ ಬಿಡಲು ಆದ ಎಲೆ ಇದು. ಎರಡೂ ನಿತ್ಯಹಸಿರೇ. ನಿತ್ಯಹಸಿರು ಎಂದರೆ ಎಲೆ ಉದುರುವುದೇ ಇಲ್ಲ ಎಂದಲ್ಲ. ಒಂದೇ ಸಲ ಎಲ್ಲವನ್ನೂ ಕಳಚಿ ಬೋಳಾಗದೆ, ಹಳೆಯದನ್ನು ಒಂದೊಂದಾಗಿ ಬಿಡುತ್ತ ಹೊಸದನ್ನು ಹೊರುವ ಮರ ಎಂದರ್ಥ. ಆ ಕೆಲಸವನ್ನು ಒಂದು ಮರ ಬರದಲ್ಲಿ ಕಲಿತಿದೆ, ಇನ್ನೊಂದು ಜಡಿಮಳೆಯಲ್ಲಿ ಕಲಿತಿದೆ.

ಬೇರು ಕೊಳೆತ ಬಗೆ ಅಡಿಕೆ ಬೆಳೆಯುವವರಿಗೆ ಹೊಸದಲ್ಲ. ಮಳೆಗಾಲದಲ್ಲಿ ನಮ್ಮ ತೋಟಗಳಿಗೆ ಬರುವ ಕೊಳೆರೋಗಕ್ಕೆ ಫೈಟಾಫ್ತೋರಾ ಎಂಬ ಸೂಕ್ಷ್ಮಜೀವಿ ಕಾರಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗವನ್ನು ವಿವರವಾಗಿ ಅಭ್ಯಾಸ ಮಾಡಿ ಬರೆದರು. ಇದೇ ಕುಲದ ಬೇರೆ ಜಾತಿಗಳು ಸೈಪ್ರೆಸ್ಸಿನ ಬೇರನ್ನು ಕೊಳೆಸುತ್ತವೆ. ಇವುಗಳ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜಿಕೊಂಡು ಹೋಗಿ ಬೇರನ್ನು ಹಿಡಿಯುತ್ತವೆ. ನೀರು ನಿಂತ ಕುಂಡ ಅವುಗಳಿಗೆ ಕೆರೆ ಇದ್ದ ಹಾಗೆ. ಇನ್ನೊಂದು ಕಷ್ಟವೂ ಇದೆ. ದಾಸವಾಳವನ್ನು ಗಿಡ್ಡಕ್ಕೆ ಕಡಿದರೆ ಹಳೆಯ ಕಾಂಡ ಚಿಗುರುತ್ತದೆ. ಸೈಪ್ರೆಸ್ಸಿನ ಎಲೆ ಕಳೆದುಕೊಂಡ ಹಳೆಯ ಕೊಂಬೆ ಮತ್ತೆ ಚಿಗುರುವುದಿಲ್ಲ. ಒಳಗಿನಿಂದ ಕಂದಾಗಲು ಶುರುವಾದ ಗಿಡವನ್ನು ಉಳಿಸಲು ನನ್ನ ಕೈಯಲ್ಲಿ ಆಗದೆ ಹೋದದ್ದು ಅದಕ್ಕೇ.

ಗೋವೆಯದಲ್ಲದ ಗೋವೆಯ ಮರ

ಸೈಪ್ರೆಸ್ ಬಗ್ಗೆ ಓದುವಾಗ ಒಂದು ಕಡೆ ನನ್ನ ಕಣ್ಣು ನಿಂತುಬಿಟ್ಟಿತು. ಪೋರ್ಚುಗಲ್ಲಿನ ಬುಸಾಕೊ ಎಂಬಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿಗಳು 17ನೇ ಶತಮಾನದಲ್ಲಿ ಬೆಳೆಸಿದ ಒಂದು ಸೈಪ್ರೆಸ್ ತೋಪು ಇದೆ. ಆ ಮರಗಳು ಗೋವೆಯಿಂದ ಬಂದವು ಎಂದು ಯುರೋಪಿನವರು ಬಹುಕಾಲ ನಂಬಿದ್ದರು. ಅದಕ್ಕೆ 'ಗೋವೆಯ ದೇವದಾರು' ಎಂದೇ ಹೆಸರು ಬಿತ್ತು. 1768ರಲ್ಲಿ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಅದಕ್ಕೆ ಕ್ಯುಪ್ರೆಸಸ್ ಲುಸಿಟಾನಿಕ ಎಂದು ಶಾಸ್ತ್ರೀಯ ಹೆಸರು ಕೊಟ್ಟರು. ಲುಸಿಟಾನಿಯ ಎಂದರೆ ಪೋರ್ಚುಗಲ್. ನಿಜದಲ್ಲಿ ಆ ಮರ ಗೋವೆಯದೂ ಅಲ್ಲ, ಪೋರ್ಚುಗಲ್ಲಿನದೂ ಅಲ್ಲ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟಗಳು.

ಶಿರ್ವದ ನಮ್ಮಂಥ ಕೊಂಕಣಿ ಕ್ರೈಸ್ತರ ಹಿರಿಯರು ಗೋವೆಯಿಂದ ತೆಂಕಣಕ್ಕೆ ಇಳಿದು ಬಂದವರು. ಊರು ಬಿಟ್ಟವರಿಗೆ ಊರಿನ ಹೆಸರು ಎಷ್ಟು ಮುಖ್ಯ ಎಂದು ನಮಗೆ ಗೊತ್ತು. ಗೋವೆಯ ಮಣ್ಣನ್ನೇ ಕಾಣದ ಮರ ನೂರಾರು ವರ್ಷ ಗೋವೆಯ ಹೆಸರು ಹೊತ್ತು ನಿಂತಿತ್ತು ಎಂದು ಓದಿದಾಗ ಚೀಟಿಯ ಮೇಲಿನ ಹೆಸರನ್ನು ನಂಬಿ ಗಿಡ ತರಬಾರದು ಎಂಬುದು ನನಗೆ ಖಚಿತವಾಯಿತು.

ಸೈಪ್ರೆಸ್ ಮೇಲೆ ನನಗೆ ಸಿಟ್ಟಿಲ್ಲ. ಊಟಿಯ ಚಳಿಯಲ್ಲಿ ಅದರ ಸಾಲುಗಳನ್ನು ನೋಡಿದವರು ಮರೆಯಲಾರರು. ಬೆಂಗಳೂರಿನ ಒಣ ತಂಪಿನಲ್ಲೂ ಬದುಕೀತು. ತಾಜಮಹಲಿನ ಉದ್ಯಾನದ ಕಾಲುವೆಯ ಬದಿಗೆ ಸಾಲಾಗಿ ನಿಂತಿರುವುದೂ ಸೈಪ್ರೆಸ್ ಮರಗಳೇ. ಅದರ ಜಾಗದಲ್ಲಿ ಅದು ಚೆಂದ.

ಸರ್ವೆ ಎಂಬ ಹೆಸರು

ನನ್ನ ಬಾಲ್ಯದ ಕ್ರಿಸ್ಮಸ್ಸಿನಲ್ಲಿ ಸೈಪ್ರೆಸ್ಸಿನ ಸುಳಿವೇ ಇರಲಿಲ್ಲ. ಡಿಸೆಂಬರ್ ಮೊದಲ ವಾರ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ, ಭತ್ತ ಬಿತ್ತುತ್ತಿದ್ದೆವು. ಹಬ್ಬದ ಹೊತ್ತಿಗೆ ಬೆರಳುದ್ದ ಪೈರು ಎದ್ದಿರುತ್ತಿತ್ತು, ಅದೇ ಗೋದಲಿಯ ಹುಲ್ಲುಗಾವಲು. ಅಪ್ಪ ಸೈಕಲ್ಲಿನ ಹಿಂದೆ ಕಟ್ಟಿ ಕಡಲ ಕಡೆಯಿಂದ ಗಾಳಿಮರದ ಒಂದು ಗೆಲ್ಲು ತರುತ್ತಿದ್ದರು. ಅದಕ್ಕೆ ಹತ್ತಿ ಅಂಟಿಸಿದರೆ ನಮ್ಮ ಕ್ರಿಸ್ಮಸ್ ಟ್ರೀ.

ಗಾಳಿಮರಕ್ಕೆ ಕನ್ನಡದಲ್ಲಿ ಸರ್ವೆ ಎಂಬ ಹೆಸರೂ ಇದೆ. ಪಾರಸಿ ಭಾಷೆಯಲ್ಲಿ ಸೈಪ್ರೆಸ್ಸಿಗೆ 'ಸರ್ವ್' ಎನ್ನುತ್ತಾರೆ. ನೋಡಲು ಹಾಗೆಯೇ ಇದೆ ಎಂದು ಆ ಹೆಸರು ದಕ್ಷಿಣದಲ್ಲಿ ಈ ಮರಕ್ಕೆ ಅಂಟಿಕೊಂಡಿತು. ಕುಲ ಮಾತ್ರ ಬೇರೆ. ಗಾಳಿಮರ ಶಂಕುಧಾರಿಯೇ ಅಲ್ಲ, ಹೂ ಬಿಡುವ ಮರ. ಸೂಜಿಯಂತೆ ಕಾಣುವುದು ಅದರ ಎಲೆಯಲ್ಲ, ಹಸಿರು ಕಡ್ಡಿ. ಆ ಕಡ್ಡಿಯನ್ನು ಮಕ್ಕಳಿಗೆ ಕೊಟ್ಟು, ಗಂಟಿನಲ್ಲಿ ಎಳೆದು ಬಿಡಿಸಲು ಹೇಳುತ್ತಿದ್ದೆ. ಪ್ರತಿ ಗಂಟಿನಲ್ಲೂ ಹಲ್ಲಿನ ಸಾಲಿನಂತೆ ಏಳೆಂಟು ಪುಟ್ಟ ಹುರುಪೆಗಳು ಸುತ್ತಿಕೊಂಡಿರುತ್ತವೆ. ನಿಜವಾದ ಎಲೆ ಅವು. ಭೂತಗನ್ನಡಿಯಲ್ಲಿ ಅದನ್ನು ಕಂಡ ಮಗುವಿನ ಮುಖ ಅರಳುವುದನ್ನು ಎಷ್ಟೋ ವರ್ಷ ನೋಡಿದ್ದೇನೆ.

ಇದೂ ಹೊರಗಿನದೇ. 1868ರ ಸುಮಾರಿಗೆ ಕಾರವಾರದ ಕಡೆ ನೆಟ್ಟು ಬೆಳೆಸಲು ಶುರುಮಾಡಿದರು. ಆದರೆ ಇದರ ಹುಟ್ಟೂರು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾದ ಬಿಸಿ ಕಡಲ ತೀರ. ಉಪ್ಪುಗಾಳಿ, ಮರಳು, ಸೆಕೆ ಅದಕ್ಕೆ ಮನೆಯ ಹವೆಯೇ. ಬೇರಿನ ಗಂಟುಗಳಲ್ಲಿ ವಾಸಿಸುವ ಫ್ರಾಂಕಿಯಾ ಎಂಬ ಜೀವಿ ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಉಣಿಸುತ್ತದೆ, ಹಾಗಾಗಿ ಬರೇ ಮರಳಿನಲ್ಲೂ ಬೆಳೆಯುತ್ತದೆ. ಹೊರಗಿನದು ಎಂಬ ಒಂದೇ ಕಾರಣಕ್ಕೆ ಗಿಡ ಸಾಯುವುದಿಲ್ಲ. ಎಂಥ ಹವೆಯಿಂದ ಬಂತು ಎಂಬುದು ಲೆಕ್ಕಕ್ಕೆ ಬರುತ್ತದೆ.

ನಮ್ಮದೇ ಶಂಕುಧಾರಿ ಇಲ್ಲವೇ? ಇದೆ, ಒಂದೇ ಒಂದು. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಏಕೈಕ ಶಂಕುಧಾರಿ ನಾಗಿಯ ವಾಲಿಚಿಯಾನ. ಕೇರಳದ ಗವಿಯ ಕಾಡಿನಲ್ಲಿ ಅದನ್ನು ನೋಡಬಹುದು. ಅದರ ಎಲೆ ಸೂಜಿಯಲ್ಲ, ಹುರುಪೆಯಲ್ಲ. ಅಗಲವಾಗಿ, ನುಣುಪಾಗಿ, ತುದಿ ಚೂಪಾಗಿ ಇದೆ. ಪಶ್ಚಿಮಘಟ್ಟದ ಮಳೆಯಲ್ಲಿ ಬಾಳುವ ಶಂಕುಧಾರಿಯೂ ನಮ್ಮ ಕಾಡುಮರಗಳಂಥ ಎಲೆಯನ್ನೇ ಹೊತ್ತಿದೆ. ನಾನು ಹುಡುಕುತ್ತಿದ್ದ ಉತ್ತರ ನನಗೆ ಆ ಎಲೆಯಲ್ಲಿ ಸಿಕ್ಕಿತು.

ನಿಂಬೆಗಿಂತ ಹೆಚ್ಚು ನಿಂಬೆ

ಇನ್ನು ಪರಿಮಳದ ಮಾತು. ನಮ್ಮದು ಪರಿಮಳ ತಿಳಿಯದ ಊರಲ್ಲ. ಹತ್ತಿರದ ಶಂಕರಪುರದ ಹೆಸರಿನಲ್ಲಿ ನಡೆಯುವ ಉಡುಪಿ ಮಲ್ಲಿಗೆ ಶಿರ್ವದ ಅಂಗಳಗಳಲ್ಲೂ ಬೆಳೆಯುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಬೆಳಗಿನ ಜಾವ ಲೆಕ್ಕ ಹಾಕುತ್ತ ಬಾಳೆನಾರಿನಲ್ಲಿ ಕಟ್ಟುವ ಕೈಗಳು ಮನೆಮನೆಯಲ್ಲಿವೆ. ಆ ಕೈಗಳಿಗೆ ನಿಂಬೆಯ ಪರಿಮಳವೂ ಬೇಕೆನಿಸಿದರೆ ದೂರ ಹೋಗಬೇಕಾಗಿಲ್ಲ. ಬಚ್ಚಲಿನ ನೀರು ಹರಿದು ಹೋಗುವ ಕಡೆ ಮಜ್ಜಿಗೆ ಹುಲ್ಲಿನ ಒಂದು ಬುಡ ಇದ್ದರೆ ಸಾಕು.

ಕೆಲವರು ಇದಕ್ಕೆ ನಿಂಬೆ ಹುಲ್ಲು ಎನ್ನುತ್ತಾರೆ. ನಮ್ಮವರು ಕೆಲಸಕ್ಕೆ ಮುಂಬೈಯಲ್ಲಿದ್ದಾಗ ಅಲ್ಲಿಯ ತರಕಾರಿ ಗಾಡಿಗಳಲ್ಲಿ ಪುದೀನದ ಜೊತೆ ಇದರ ಕಟ್ಟು ಸಿಗುತ್ತಿತ್ತು. ಅಲ್ಲಿ ಹೆಸರು ಗವತಿ ಚಹಾ, ಅಂದರೆ ಹುಲ್ಲಿನ ಚಹಾ. ಶಿರ್ವದ ಮನೆಯಲ್ಲಿ ಮಾಂಯ್, ಅಂದರೆ ನನ್ನ ಅತ್ತೆ, ಮಜ್ಜಿಗೆ ಕುದಿಸುವಾಗ ಒಂದು ಎಲೆಯನ್ನು ಗಂಟು ಕಟ್ಟಿ ಹಾಕುತ್ತಿದ್ದರು. ಜ್ವರ ಬಿಟ್ಟವರಿಗೆ ಗಂಜಿಯ ಜೊತೆ ಆ ಮಜ್ಜಿಗೆ ಬಡಿಸುತ್ತಿದ್ದರು.

ನಿಂಬೆಯ ವಾಸನೆ ಎಂದು ನಮ್ಮ ಮೂಗು ಗುರುತಿಸುವ ವಸ್ತುವಿಗೆ ಸಿಟ್ರಾಲ್ ಎಂದು ಹೆಸರು. ನಿಂಬೆಸಿಪ್ಪೆಯ ಎಣ್ಣೆಯಲ್ಲಿ ಸಿಟ್ರಾಲ್ ಇರುವುದು ನೂರಕ್ಕೆ ಐದರ ಒಳಗೆ. ಉಳಿದದ್ದರಲ್ಲಿ ಹೆಚ್ಚಿನದು ಲಿಮೊನೀನ್ ಎಂಬ ಬೇರೆ ವಸ್ತು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್ ಶೇಕಡಾ 70ರಿಂದ 80. ಹೀಗೆ ಲೆಕ್ಕ ಹಾಕಿದರೆ ಈ ಹುಲ್ಲು ನಿಂಬೆಗಿಂತ ಹೆಚ್ಚು ನಿಂಬೆ. ಕೇರಳದಲ್ಲಿ ಇದೇ ಕುಲದ ಇನ್ನೊಂದು ಜಾತಿಯಿಂದ ಎಣ್ಣೆ ತೆಗೆದು ಕೊಚ್ಚಿ ಬಂದರಿನಿಂದ ಹೊರದೇಶಗಳಿಗೆ ಕಳಿಸುತ್ತಿದ್ದರು. ವ್ಯಾಪಾರದಲ್ಲಿ ಅದಕ್ಕೆ 'ಕೊಚ್ಚಿನ್ ಎಣ್ಣೆ' ಎಂದೇ ಹೆಸರು. ಸಾಬೂನಿಗೆ, ಅತ್ತರಿಗೆ ಮಾತ್ರವಲ್ಲ, ಕಾರ್ಖಾನೆಯಲ್ಲಿ ಎ ಜೀವಸತ್ವವನ್ನು ತಯಾರಿಸಲೂ ಸಿಟ್ರಾಲ್ ಬೇಕು. ಪೆರುಂಬಾವೂರಿನ ಹತ್ತಿರ ಓಡಕ್ಕಾಲಿಯ ಸಂಶೋಧನಾ ಕೇಂದ್ರದವರು ಎಣ್ಣೆಗಾಗಿ 'ಸುಗಂಧಿ' ಎಂಬ ತಳಿಯನ್ನೇ ಬಿಡುಗಡೆ ಮಾಡಿದ್ದಾರೆ.

ಗಿಡ ಈ ವಾಸನೆಯನ್ನು ನಮಗಾಗಿ ಮಾಡುವುದಿಲ್ಲ. ಕೀಟ ಮುಟ್ಟದಿರಲಿ, ದನ ಮೇಯದಿರಲಿ ಎಂದು ಎಲೆಯೊಳಗೆ ಕಾದಿಟ್ಟ ಎಣ್ಣೆ ಅದು. ನಾವು ಉಜ್ಜಿದಾಗ ಅದರ ಪುಟ್ಟ ಚೀಲಗಳು ಒಡೆಯುತ್ತವೆ. ಆದರೆ ಜೇನು ಈ ವಾಸನೆಗೆ ಓಡಿ ಬರುತ್ತದೆ. ಯುರೋಪಿನ ಜೇನುಹುಳು ತನ್ನ ಗುಂಪನ್ನು ಕರೆಯಲು ಬಿಡುವ ಗಂಧದಲ್ಲಿ ಸಿಟ್ರಾಲ್ ಸೇರಿದೆ. ಖಾಲಿ ಪೆಟ್ಟಿಗೆಗೆ ಹೊಸ ಹಿಂಡು ಬರಲಿ ಎಂದು ಜೇನು ಸಾಕುವವರು ಮಜ್ಜಿಗೆ ಹುಲ್ಲಿನ ಎಣ್ಣೆ ಸವರುವುದು ಇದೇ ಕಾರಣಕ್ಕೆ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಮಜ್ಜಿಗೆ ಹುಲ್ಲಿನ ಹಾಗೆಯೇ ಕಾಣುವ ಸಿಟ್ರೊನೆಲ್ಲ ಹುಲ್ಲಿದೆ. ಅದರ ಬುಡ ಕೆಂಪು ಬಣ್ಣಕ್ಕೆ ತಿರುಗಿರುತ್ತದೆ, ವಾಸನೆ ಸೊಳ್ಳೆ ಓಡಿಸುವ ಎಣ್ಣೆಯದು. ಅದನ್ನು ಚಹಾಕ್ಕೆ ಹಾಕಬಾರದು. ನಿಂಬೆ ಪರಿಮಳ ಇದೆ ಎಂದು ಸೈಪ್ರೆಸ್ ಎಲೆಯನ್ನಾಗಲಿ, ಅಂಗಳಗಳಲ್ಲಿ ಬೆಳೆಸುವ ಥೂಜಾ ಎಲೆಯನ್ನಾಗಲಿ ಕಷಾಯ ಮಾಡಿ ಕುಡಿಯಲೂಬಾರದು. ಥೂಜಾದಲ್ಲಿ ನರಗಳಿಗೆ ವಿಷವಾಗುವ ಥುಜೋನ್ ಇದೆ.

ನೆಡುವವರಿಗೆ

ಸೈಪ್ರೆಸ್ ಕುಂಡ ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಡಿ. ಬುಡದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಬದಲಿಸಿ, ಅರ್ಧದಷ್ಟು ಜಲ್ಲಿ, ದಪ್ಪ ಮರಳು ಬೆರೆಸಿ. ಜೂನ್ ಬರುವ ಮೊದಲೇ ಮಾಡಿನ ಕೆಳಗೆ, ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ಆದರೂ ಅದು ಇಲ್ಲಿ ನೂರು ವರ್ಷ ಬಾಳುವ ಮರವಾಗುವುದಿಲ್ಲ ಎಂಬುದನ್ನು ತಿಳಿದೇ ಸಾಕಿ.

ಚೂಪು ಗೋಪುರದ ಆಕಾರವೇ ಬೇಕು ಎನ್ನುವವರಿಗೆ ನನ್ನ ಉತ್ತರ ಪುನರ್ಪುಳಿ. ಮುರಕಲ್ಲಿನ ಇಳಿಜಾರಿನಲ್ಲಿ, ಅಡಿಕೆ ತೋಟದ ಬದಿಯಲ್ಲಿ, ಯಾರೂ ಕತ್ತರಿಸದೆ ತಾನಾಗಿ ಶಂಕುವಿನಂತೆ ಬೆಳೆಯುವ ಮರ ಅದು. ಗೆಲ್ಲುಗಳು ಕೆಳಮುಖವಾಗಿ ಬಾಗುತ್ತವೆ, ಎಳೆ ಚಿಗುರು ಕೆಂಪು, ಬಲಿತ ಎಲೆ ಕಡುಹಸಿರು, ವರ್ಷವಿಡೀ ಬೋಳಾಗುವುದಿಲ್ಲ. ಬೇಸಿಗೆಯಲ್ಲಿ ಕೊಡುವ ಹಣ್ಣಿನ ಸಾರು, ಶರಬತ್ತು ನಮಗೆಲ್ಲ ಗೊತ್ತೇ ಇದೆ. ಬೀಜದಿಂದ ಎದ್ದ ಸಸಿಗಳಲ್ಲಿ ಗಂಡು ಮರಗಳೂ ಬರುತ್ತವೆ, ಅವು ಕಾಯಿ ಬಿಡುವುದಿಲ್ಲ. ಹಣ್ಣು ಬೇಕಾದವರು ಕಸಿ ಗಿಡ ಕೇಳಿ ತನ್ನಿ. ಮಗಳು ಹೋದ ಮಳೆಗಾಲದಲ್ಲಿ ಊರಿಗೆ ಬಂದಾಗ ಸೈಪ್ರೆಸ್ ಇದ್ದ ಜಾಗದ ಹತ್ತಿರ, ನೆಲದಲ್ಲೇ, ಒಂದು ಪುನರ್ಪುಳಿ ನೆಟ್ಟು ಹೋಗಿದ್ದಾಳೆ. ಈಗ ಮೊಣಕಾಲೆತ್ತರ ಇದೆ. ಅದಕ್ಕೆ ನಕ್ಷತ್ರ ಕಟ್ಟಲು ಇನ್ನೂ ಕೆಲವು ಕ್ರಿಸ್ಮಸ್ ಕಾಯಬೇಕು, ಕಾಯುತ್ತೇವೆ.

ಮಜ್ಜಿಗೆ ಹುಲ್ಲಿಗೆ ಅಷ್ಟು ಕಾಯಬೇಕಾಗಿಲ್ಲ. ನಮ್ಮ ಹಿತ್ತಲಿನ ಜಾತಿ ಹೂ ಬಿಡುವುದು ಬಹಳ ಅಪರೂಪ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಹೂವಿಲ್ಲದ್ದರಿಂದ ಬೀಜವಿಲ್ಲ. ಒಬ್ಬರು ಬುಡ ಒಡೆದು ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಅದು ಮುಂದೆ ಹೋಗುತ್ತದೆ. ಮಾಂಯ್ ತಮ್ಮ ತವರಿನಿಂದ ತಂದ ಬುಡವನ್ನು ಕೇಳಿದವರಿಗೆಲ್ಲ ಒಡೆದು ಕೊಟ್ಟಿದ್ದರು. ಅವರು ತೀರಿಹೋದ ಮೇಲೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಆ ಬುಡ ಜೆಸಿಬಿಗೆ ಸಿಕ್ಕಿ ಹೋಯಿತು. ಸಂಜೆ ಮಣ್ಣಿನ ರಾಶಿಯಲ್ಲಿ ಹುಡುಕಿದೆ, ಸಿಗಲಿಲ್ಲ. ವಿಷಯ ತಿಳಿದ ಪಕ್ಕದ ಮನೆಯ ಅಕ್ಕ ಮರುದಿನ ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಕಂದು ತಂದರು. "ಇದು ನಿಮ್ಮ ಮಾಂಯ್ ಕೊಟ್ಟದ್ದೇ, ಟೀಚರ್" ಎಂದರು.

ಆ ನಾಲ್ಕು ಕಂದು ಇಂದು ಎರಡು ತಬ್ಬು ಹುಲ್ಲಾಗಿದೆ. ನೆಡುವುದು ಸುಲಭ. ಮೊದಲ ಮಳೆ ಬಿದ್ದ ಮೇಲೆ ಬುಡದಿಂದ ಬೇರಿರುವ ಒಂದು ಕಂದನ್ನು ಬಿಡಿಸಿ, ಮೇಲಿನ ಎಲೆ ಕತ್ತರಿಸಿ, ನೀರು ನಿಲ್ಲದ ಇಳಿಜಾರಿನಲ್ಲಿ ಊರಿದರೆ ಸಾಕು. ಬರೆಯ ಮಣ್ಣು ಜಾರದಂತೆಯೂ ಹಿಡಿಯುತ್ತದೆ. ಎಲೆಯ ಅಂಚು ಬೆರಳು ಕೊಯ್ಯುತ್ತದೆ, ಕತ್ತಿಯಿಂದ ಕೊಯ್ಯಿರಿ, ನೆಲದಿಂದ ಗೇಣುದ್ದ ಬಿಟ್ಟು ಕೊಯ್ಯಿರಿ. ಎರಡು ಲೋಟ ನೀರಿಗೆ ಮೂರು ಎಲೆ, ಜಜ್ಜಿದ ಶುಂಠಿ, ಒಂದು ತುಂಡು ಬೆಲ್ಲ. ಮೂರು-ನಾಲ್ಕು ವರ್ಷಕ್ಕೊಮ್ಮೆ ಬುಡ ಒಡೆದು ಬೇರೆ ಕಡೆ ನೆಡಿ, ಇಲ್ಲದಿದ್ದರೆ ನಡುಭಾಗ ಒಣಗುತ್ತದೆ.

ಈ ಸಲ ಮಳೆ ಹಿಡಿಯುವಾಗ ಕುಂಡದ ಗಿಡ ಕೊಳ್ಳುವ ಮೊದಲು ನೆರೆಮನೆಯ ಹಿತ್ತಲಿಗೆ ಹೋಗಿ ಒಂದು ಕಂದು ಕೇಳಿ. ನಿಮ್ಮಲ್ಲಿ ಬುಡ ಇದ್ದರೆ ಕೇಳದವರಿಗೂ ಕೊಡಿ. ನಿಮ್ಮದು ಎಂದಾದರೂ ಹೋದರೆ, ಅದು ಅವರ ಹಿತ್ತಲಿನಲ್ಲಿ ಇರುತ್ತದೆ.